ಅಕ್ಕನ ಪಾಲಿನ ಬಿಳಿ ವೃತ್ತ

ಮಾನ್ಯ ಓದುಗರಲ್ಲಿ ವಿನಂತಿ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಇಂದಿನವರೆಗೆ ಟಿಪ್ಪಣಿ, ಜ್ಞಾಪನ, ನೆನಪೋಲೆಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಕಂಪ್ಯೂಟರ್ ಬಂದ ಮೇಲೆ ಕೈಬರಹ ಕೆಟ್ಟಿದೆ. ಮಹಾಪ್ರಾಣ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬ ಅನುಮಾನವಂತೂ ಶಾಲೆಯ ದಿನಗಳಿಂದಲೂ ಇದೆ. ಆದ್ದರಿಂದ ಕಾಗುಣಿತದ ದೋಷಗಳನ್ನೂ ಅಕ್ಷರಗಳ ಓರೆಕೋರೆಯನ್ನೂ ಮನ್ನಿಸಿ, ಈ ಕೆಳಗೆ ಅರಿಕೆ ಮಾಡಿಕೊಂಡಿರುವ ಸಂಗತಿಯನ್ನು ತಮ್ಮ ಅವಗಾಹನೆಗೆ ತೆಗೆದುಕೊಳ್ಳಬೇಕಾಗಿ ಕೋರುತ್ತೇನೆ.

ಕಳೆದ ತಿಂಗಳು ನಜರ್‌ಬಾದಿನ ನಮ್ಮ ಮನೆಯ ಮುಂಭಾಗದ ಹೆಂಚು ಕೈಯಾಡಿಸಲು ಇಬ್ಬರು ಕೆಲಸಗಾರರು ಬಂದಿದ್ದರು. ಅವರಲ್ಲಿ ಹಿರಿಯರು ಏಣಿಯಿಂದ ಇಳಿದು ಬಂದು ನನ್ನ ಮುಂದೆ ಅಂಗೈ ಬಿಚ್ಚಿದರು. ಒಣಗಿ ಬಿರುಕು ಬಿಟ್ಟ ನಿಂಬೆ ಗಾತ್ರದ ಸಗಣಿ ಉಂಡೆ; ಬಿರುಕಿನಲ್ಲಿ ಅಕ್ಕಿ ಕಾಳಿನಂಥದೇನೋ ಕಾಣುತ್ತಿತ್ತು.

"ಸಾರ್, ಒಳಗೆ ಹಲ್ಲೈತೆ. ಮಾಟಗೀಟ ಏನಾರಾ ಮಾಡ್ಸವ್ರಾ?" ಎಂದು ಅವರು ಹೆದರಿಕೊಂಡೇ ಕೇಳಿದರು.

"ಮಾಟ ಅಲ್ಲ ಕಣಪ್ಪ, ಮಗೂದು ಹಾಲುಹಲ್ಲು," ಎಂದೆ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ ಎಂದು ನಮ್ಮ ಕಡೆ ಮಕ್ಕಳಿಗೆ ಹೇಳಿಕೊಡುವುದುಂಟು. ಅವರಿಗೂ ಅದು ನೆನಪಾಗಿ ನಕ್ಕರು. ನನಗೆ ನಗಲು ಆಗಲಿಲ್ಲ. ಆ ಉಂಡೆಯನ್ನು ಎಸೆದ ಮಗು ಯಾರೆಂಬುದು ನನಗೆ ಗೊತ್ತಿತ್ತು. ಆ ಮಗುವಿನ ಜೊತೆಗೆ ಮೇಡಂ ಅವರೂ ನೆನಪಾದರು. ಅವರ ವಿಷಯವನ್ನು ಬರೆಯಬೇಕೆಂದು ಹತ್ತು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೆ...

ಮೇಡಂ ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದವರು. ಚಿತ್ರದುರ್ಗದ ಕಡೆಯವರು. ಮೂವತ್ತರ ಆಸುಪಾಸಿನ ವಯಸ್ಸು, ತೆಳ್ಳನೆಯ ಮೈ, ದಪ್ಪ ಕನ್ನಡಕ. ಗಣಿತದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಆದರೆ ಅವರ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಇದ್ದದ್ದು ಸುಣ್ಣದಂಥ ಪುಡಿಯಲ್ಲಿ ಎರಕ ಹೊಯ್ದ ದವಡೆಗಳು. ಮೊದಲ ದಿನ ಕೋಣೆ ಗುಡಿಸಲು ಹೋದ ನಮ್ಮ ತಾಯಿಯವರು ಅವನ್ನು ಕಂಡು ಪೊರಕೆ ಅಲ್ಲೇ ಬಿಟ್ಟು ಕೆಳಗೆ ಬಂದಿದ್ದರು.

ಬೆಳೆಯುವ ಕೂಸಿನ ದವಡೆಯಲ್ಲಿ ಹಲ್ಲಿನ ಮೊಳಕೆಗಳು ಎಷ್ಟೆಷ್ಟು ಅಂತರದಲ್ಲಿ ಏಳುತ್ತವೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯುವುದು ಅವರ ಸಂಶೋಧನೆಯ ವಿಷಯ. ಒಂದು ಮೊಳಕೆ ಎದ್ದರೆ ಅದು ತನ್ನ ಆಸುಪಾಸಿನಲ್ಲಿ ಇನ್ನೊಂದು ಏಳದಂತೆ ತಡೆಯುತ್ತದೆಯಂತೆ. ಆ ತಡೆ ತಲುಪದಷ್ಟು ದೂರದಲ್ಲಿ ಮುಂದಿನದು ಏಳುತ್ತದೆಯಂತೆ. ಮೈಯ ಒಳಗೆ 'ಬೆಳೆ' ಎಂಬ ಒಂದು ಆಜ್ಞೆ, 'ನಿಲ್ಲು' ಎಂಬ ಇನ್ನೊಂದು ಆಜ್ಞೆ. ಎರಡರ ತೂಕ ಸರಿಯಾಗಿದ್ದರೆ ಹಲ್ಲಿನ ಸಾಲು ಸರಿಯಾಗಿರುತ್ತದೆ. ಕೆಲವು ಮನೆತನಗಳಲ್ಲಿ ಆ ತೂಕ ಹುಟ್ಟಿನಿಂದಲೇ ತಪ್ಪಿರುತ್ತದೆ. ಇದನ್ನು ಅವರು ಒಂದು ಸಂಜೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ರಾಗಿ ಪೈರಿನ ಸಾಲಿನ ಹೋಲಿಕೆ ಕೊಟ್ಟು ವಿವರಿಸಿದರು.

ತಾಯಿಯವರು ರೊಟ್ಟಿ ತಟ್ಟುತ್ತಲೇ ಹೇಳಿದರು: "ಹಲ್ಲಿಗೂ ಲೆಕ್ಕಾನಾ? ನಮ್ಮನೇಲಿ ಲೆಕ್ಕ ಹಾಕಕ್ಕೆ ಹಲ್ಲೇ ಇಲ್ಲ ಕಣಮ್ಮ! ನಮ್ಮೆಜಮಾನ್ರು ಕೋಡ್ಬಳೇನ ಕಾಫೀಲಿ ಮುಳುಗ್ಸಿ ತಿನ್ನೋರು. ಅವ್ರಪ್ಪಾನೂ ಹಂಗೇ. ಇಗೋ, ಇವ್ನೂ ಹಂಗೇ. ಈ ಮನೇಲಿ ಕಬ್ಬು ಕಚ್ಚೋಳು ಅಂದ್ರೆ ನಾನೊಬ್ಳೇ, ಹೊರಗಿಂದ ಬಂದೋಳು."

ಮೇಡಂ ನಗಲಿಲ್ಲ. ನನ್ನ ಕಡೆ ತಿರುಗಿ, "ಬಾಯಿ ತೆಗೀರಿ ನೋಡೋಣ," ಎಂದರು. ಮೂವತ್ತಮೂರು ವರ್ಷದ ನಾನು, ಕಚೇರಿಯಿಂದ ಬಂದ ಅಂಗಿಯಲ್ಲೇ, ಬೆಳಕಿಗೆ ಮುಖ ಮಾಡಿ ಬಾಯಿ ತೆರೆದು ನಿಂತೆ. ನನಗೆ ಹಿಂದಿನ ದವಡೆ ಹಲ್ಲುಗಳು ಹುಟ್ಟಿಯೇ ಇರಲಿಲ್ಲ. ಮುಂದೆ ಕೆಳಸಾಲಿನಲ್ಲಿಯೂ ಎರಡು ಇರಲಿಲ್ಲ. ನಮ್ಮ ಮನೆತನದಲ್ಲಿ ಇದನ್ನು ಯಾರೂ ಕಾಯಿಲೆ ಎಂದು ಭಾವಿಸಿರಲಿಲ್ಲ. ಕೋಡುಬಳೆಯನ್ನು ನೆನೆಸಿ ತಿನ್ನುವುದು ನಮ್ಮ ಮನೆಯ ಪದ್ಧತಿ ಎಂದೇ ತಿಳಿದಿದ್ದೆವು.

ಇದಾದ ಹದಿನೈದು ದಿನಗಳಿಗೆ, ಮೇಡಂ ಜೊತೆ ಕೆಲಸ ಮಾಡುತ್ತಿದ್ದ ದಂತ ವೈದ್ಯಕೀಯ ಕಾಲೇಜಿನವರು ನಮ್ಮ ಕುಟುಂಬದ ವಿವರ ಪಡೆಯಲು ಒಪ್ಪಿದರು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅದನ್ನು ಕನ್ನಡದಲ್ಲಿ ತುಂಬಿ ಕೊಡುವ ಕೆಲಸವನ್ನು ಮೇಡಂ ನನಗೆ ವಹಿಸಿದರು. "ನೀವು ದಾಖಲೆ ಬರೆಯೋ ಕೆಲಸದವರು. ನನ್ನ ಕನ್ನಡ ಅಕ್ಷರ ನನಗೇ ಓದೋಕಾಗಲ್ಲ," ಎಂದು ನಗುತ್ತಾ ಹೇಳಿದರು. ಆ ಮಾತಿನಿಂದ ನನಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆ ಭಾನುವಾರ ಗಂಡನ ಮನೆಯಿರುವ ಹಿನಕಲ್‌ನಿಂದ ಅಕ್ಕ ಬಂದಿದ್ದಳು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಭಾವ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು, ಒಬ್ಬಳೇ ಮಗಳು. ಅಕ್ಕನಿಗೂ ನನ್ನಂತೆಯೇ ಹಲ್ಲುಗಳು ಕಡಿಮೆ. ಆದರೆ ಹೆಣ್ಣು ನೋಡಲು ಬರುವ ಒಂದು ತಿಂಗಳು ಮುಂಚೆ ತಾಯಿಯವರು ಅವಳಿಗೆ ಹಲ್ಲಿನ ಸೆಟ್ ಮಾಡಿಸಿದ್ದರು. ಅದು ಗಂಡನ ಮನೆಯವರಿಗೆ ತಿಳಿದಿರಲಿಲ್ಲ ಎಂಬುದು ನಮ್ಮ ನಂಬಿಕೆ.

ನಾನು ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದಾಗ ಅವಳು ಹಿಂದಿನಿಂದ ಬಂದು ಮೆಲ್ಲಗೆ ಹೇಳಿದಳು: "ಲೋ, ನಂದು ಎಲ್ಲಾ ಸರ್ಯಾಗವೆ ಅಂತ ಬರ್ದ್ಬುಡು."

"ಇದು ಕಾಲೇಜಿನ ದಾಖಲೆ ಕಣಕ್ಕ."

"ದಾಖ್ಲೆ ಅಂತ್ಲೇ ಹೇಳ್ತಿರೋದು. ಬಾಯ್ಮಾತಾದ್ರೆ ಗಾಳಿಗೋಯ್ತದೆ. ಬರ್ದಿದ್ದು ಒಂದಲ್ಲ ಒಂದಿನ ನಮ್ಮತ್ತೆ ಕಿವಿಗೆ ಬೀಳ್ತದೆ. ಹಲ್ಲಿಲ್ದಿರೋ ಸೊಸೆ ಅನ್ನುಸ್ಕೊಂಡು ಬಾಳ್ಬೇಕಾ ನಾನು?"

ತಾಯಿಯವರೂ ಒಳಗಿನಿಂದ, "ಹೆಣ್ಮಗು ವಿಷ್ಯ ಕಣಪ್ಪ. ಹಲ್ಲು ತಾನೆ, ಯಾರ್ದು ಏನ್ ಹೋಗದೈತೆ? ಬರ್ದ್ಬುಡು," ಎಂದರು.

ಯಾರದು ಏನು ಹೋಗುವುದಿದೆ ಎಂದು ನಾನೂ ಅಂದುಕೊಂಡೆ. ಅಕ್ಕನ ಹಾಳೆಯಲ್ಲಿ 'ಹಲ್ಲುಗಳು ಪೂರ್ಣವಾಗಿ ಇರುತ್ತವೆ' ಎಂದು ದುಂಡಗೆ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಎಕ್ಸ್‌ರೇ ತೆಗೆಯುವ ದಿನ ಅವಳು ಮನೆಗೆ ನೆಂಟರು ಬಂದಿದ್ದಾರೆಂದು ಹೇಳಿ ಕಳಿಸಿ ತಪ್ಪಿಸಿಕೊಂಡಳು. ಮೇಡಂ ಒತ್ತಾಯಿಸಲಿಲ್ಲ. ಹಲ್ಲು ಪೂರ್ತಿ ಇದ್ದವರಿಗೆ ಎಕ್ಸ್‌ರೇ ಕಡ್ಡಾಯವಾಗಿರಲಿಲ್ಲ.

ನಮ್ಮ ವಂಶದ ನಕ್ಷೆಯನ್ನು ಮೇಡಂ ದೊಡ್ಡ ಹಾಳೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹಲ್ಲು ಕಡಿಮೆ ಇದ್ದವರಿಗೆ ಕಪ್ಪು ತುಂಬುವುದು. ತೀರಿಕೊಂಡವರ ಮೇಲೆ ಓರೆಗೆರೆ ಎಳೆಯುವುದು. ತಾತ ಕಪ್ಪು, ಅವರ ತಂಗಿ ಕಪ್ಪು, ತಂದೆಯವರು ಕಪ್ಪು, ನಾನು ಕಪ್ಪು. ಅಕ್ಕನ ವೃತ್ತ ಮಾತ್ರ ಬಿಳಿ. ಅದನ್ನು ಬೆರಳಿನಿಂದ ತೋರಿಸಿ, "ಸದ್ಯ, ನಿಮ್ಮಕ್ಕ ಒಬ್ಬರಾದರೂ ತಪ್ಪಿಸಿಕೊಂಡರಲ್ಲ," ಎಂದು ಅವರು ಹೇಳಿದಾಗ ಅವರ ಮುಖದಲ್ಲಿದ್ದ ನೆಮ್ಮದಿ... ಅದು ಸ್ವಂತ ಅಕ್ಕನ ವಿಷಯಕ್ಕೆ ಪಡುವಂಥ ನೆಮ್ಮದಿಯಾಗಿತ್ತು.

ಓರೆಗೆರೆ ಎಳೆಯುವಾಗ, ಯಾರು ಯಾವುದರಿಂದ ತೀರಿಕೊಂಡರು ಎಂದು ಅವರು ತಾಯಿಯವರನ್ನು ಕೇಳಿದರು. ತಾತ ಹೊಟ್ಟೆಬೇನೆ. ತಾತನ ತಂಗಿ ಹೊಟ್ಟೆಬೇನೆ. ಬಸ್ ಕಂಡಕ್ಟರ್ ಆಗಿದ್ದ ನಮ್ಮ ತಂದೆಯವರೂ ನಾನು ಪಿಯುಸಿಯಲ್ಲಿದ್ದಾಗ ಹೊಟ್ಟೆಬೇನೆಯಿಂದಲೇ ಹೋದವರು. ಮೂರನೆಯ ಸಲ ಆ ಪದ ಕೇಳಿದಾಗ ಮೇಡಂ ಬರೆಯುವುದನ್ನು ನಿಲ್ಲಿಸಿದರು. ಹಳೆಯ ಟ್ರಂಕಿನಲ್ಲಿದ್ದ ತಂದೆಯವರ ಆಸ್ಪತ್ರೆಯ ಚೀಟಿಯನ್ನು ಹುಡುಕಿಸಿ ಓದಿದರು. ಅದು ಕರುಳಿನ ಕ್ಯಾನ್ಸರ್. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸುತ್ತಿರಲಿಲ್ಲ. ಉಚ್ಚರಿಸಿದರೆ ಮನೆಗೆ ಬರುತ್ತದೆ ಎಂಬ ಭಯ.

ಮುಂದೆ ಎಲ್ಲವೂ ವೇಗವಾಗಿ ನಡೆಯಿತು. ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಹಲ್ಲಿನ ಮೊಳಕೆಗೆ 'ನಿಲ್ಲು' ಎಂದು ಹೇಳುವ ಆಜ್ಞೆಯೇ ಕರುಳಿನ ಜೀವಕೋಶಗಳಿಗೂ ಹೇಳಬೇಕಾದದ್ದು, ನಮ್ಮ ಮನೆತನದಲ್ಲಿ ಅದೇ ಕೆಟ್ಟಿದೆ ಎಂದು ತಿಳಿದುಬಂತು. ಹಲ್ಲು ಕಡಿಮೆ ಇರುವವರೆಲ್ಲ ಕರುಳನ್ನು ಕೊಳವೆ ಹಾಕಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಸೂಚಿಸಿದರು. ನನ್ನನ್ನು ಮೇಡಂ ತಾವೇ ಕರೆದುಕೊಂಡು ಹೋದರು. ಒಳಗೆ ಅಣಬೆಯ ಮೊಗ್ಗಿನಂಥ ನಾಲ್ಕು ಬೆಳವಣಿಗೆಗಳು ಸಿಕ್ಕವು. ಅಲ್ಲಿಯೇ ಕತ್ತರಿಸಿ ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗುತ್ತಿತ್ತು ಎಂದರು. ನಾನು ಇಂದು ಬದುಕಿದ್ದು ಇದನ್ನು ಬರೆಯುತ್ತಿದ್ದೇನೆಂದರೆ ಅದಕ್ಕೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನನ್ನ ಬಾಯಿ ತೆರೆಸಿದ ಮೇಡಂ ಕಾರಣ.

ಬಿಳಿ ವೃತ್ತದವಳಿಗೆ ಯಾರೂ ಪರೀಕ್ಷೆ ಸೂಚಿಸಲಿಲ್ಲ.

ಇಲ್ಲಿಯವರೆಗೆ ನನ್ನದು ತಿಳಿಯದೆ ಮಾಡಿದ ತಪ್ಪು. ಇಲ್ಲಿಂದ ಮುಂದಿನದನ್ನು ಹಾಗೆಂದು ಹೇಳಿಕೊಳ್ಳಲು ನನಗೆ ಅಧಿಕಾರವಿಲ್ಲ.

ಆಸ್ಪತ್ರೆಯಿಂದ ಬಂದ ವಾರದಲ್ಲಿಯೇ ಹಿನಕಲ್‌ಗೆ ಹೋದೆ. ಮನೆಯಲ್ಲಿ ಅತ್ತೆಯವರಿದ್ದುದರಿಂದ ಅಕ್ಕ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡುವ ನೆಪದಲ್ಲಿ ಹೊರಗೆ ಕರೆತಂದಳು. ದಾರಿಯಲ್ಲಿ ಎಲ್ಲವನ್ನೂ ಹೇಳಿ, ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೆ.

"ನಂಗೇನಾಗಿದ್ದದು, ಗುಂಡ್ಕಲ್ಲಂಗಿವ್ನಿ," ಎಂದಳು. "ನಾದ್ನಿ ಮದ್ವೆ ಗೊತ್ತಾಗೈತೆ. ಅದೊಂದು ಮುಗೀಲಿ, ಆಮೇಲೆ ನಾನೇ ಬಂದ್ ಹೇಳ್ತೀನಿ. ನೀನು ಬಾಯ್ ಬುಡಬೇಡ. ಅಪ್ಪನ್ ಮೇಲಾಣೆ."

ನಾದಿನಿಯ ಮದುವೆ ಮುಗಿಯಿತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಆಸ್ಪತ್ರೆ ಬೇಡವೆಂದಳು. ಆಮೇಲೆ ಭಾವನಿಗೆ ಪಾಳಿ ಬದಲಾಯಿತು, ಆಮೇಲೆ ಮಗಳ ಪರೀಕ್ಷೆ... ನಮ್ಮ ಕಚೇರಿಯಲ್ಲಿ ಒಂದು ರೂಢಿಯಿದೆ. ಕಡತದ ಬಗ್ಗೆ ತೀರ್ಮಾನ ಕೊಡಲು ಇಷ್ಟವಿಲ್ಲದ ಅಧಿಕಾರಿಗಳು ಅದರ ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ವಾಪಸು ಕಳಿಸುತ್ತಾರೆ. ಚರ್ಚೆ ನಡೆಯುವುದಿಲ್ಲ, ಕಡತವೂ ಸಾಯುವುದಿಲ್ಲ. ಯಾರ ಮೇಲೂ ತಪ್ಪು ಬರುವುದಿಲ್ಲ. ನಾನು ನನ್ನ ಅಕ್ಕನನ್ನು ಒಂದು ವರ್ಷ ನಾಲ್ಕು ತಿಂಗಳು ಹಾಗೆಯೇ ಇಟ್ಟೆ.

ಆ ಅವಧಿಯಲ್ಲಿ ಮೇಡಂ ತಮ್ಮ ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ಅಕ್ಕನ ಮೇಲೆ ಕಟ್ಟಿದರು. ಒಂದೇ ತಂದೆತಾಯಿಯರ ಇಬ್ಬರು ಮಕ್ಕಳು, ಒಬ್ಬನಲ್ಲಿ ತೂಕ ತಪ್ಪಿದೆ, ಒಬ್ಬಳಲ್ಲಿ ಸರಿಯಿದೆ. ಆ ವ್ಯತ್ಯಾಸವೇ ಅವರ ಲೆಕ್ಕಕ್ಕೆ ಆಧಾರ. "ನಿಮ್ಮಕ್ಕ ನನ್ನ ಅಳತೆಗೋಲು," ಎಂದು ಅವರು ನನಗೆ ಎರಡು ಗೆರೆಗಳನ್ನು ತೋರಿಸಿದ್ದರು. ಒಂದು ಗೆರೆ ನನ್ನದು, ಏರುತ್ತ ಹೋಗುವಂಥದ್ದು. ಇನ್ನೊಂದು ಅಕ್ಕನದು, ನೇರವಾಗಿ, ಶಾಂತವಾಗಿ ಹೋಗುವಂಥದ್ದು. ನಾನು ಆ ಎರಡನೆಯ ಗೆರೆಯನ್ನು ನೋಡಿ, "ಬಹಳ ಚೆನ್ನಾಗಿದೆ ಮೇಡಂ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಹೊರಟಿತೋ...

ಮಾರನೆಯ ವರ್ಷದ ದಸರಾ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಳು. ಆಗ ಅವಳಿಗೆ ಎಂಟು ವರ್ಷ. ಆ ವಯಸ್ಸಿನ ಮಕ್ಕಳೆಲ್ಲ ಬೋಡುಬಾಯಿ ಬಿಟ್ಟುಕೊಂಡೇ ಓಡಾಡುವುದರಿಂದ ನಾವ್ಯಾರೂ ಗಮನಿಸಿರಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಇನ್ನೊಂದು ಹಲ್ಲು ಬಿತ್ತು. ತಾಯಿಯವರು ಸಗಣಿ ತಂದು ಉಂಡೆ ಮಾಡಿಕೊಟ್ಟರು. ಮಗು ಅಂಗಳದಲ್ಲಿ ನಿಂತು ಹೆಂಚಿನ ಮೇಲೆ ಎಸೆದು, ಅದು ಎಲ್ಲಿ ಬಿತ್ತೆಂದು ನೋಡಲು ಮಹಡಿಯ ತಾರಸಿಗೆ ಓಡಿದಳು. ಮೇಡಂ ಅಲ್ಲಿ ತಲೆಕೂದಲು ಒಣಗಿಸುತ್ತ ಕುಳಿತಿದ್ದರು. ಅಲ್ಲೇ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದ ನನಗೆ ಅವರಿಬ್ಬರ ಮಾತು ಕೇಳುತ್ತಿತ್ತು.

"ಏನ್ ಪುಟ್ಟಿ ಹುಡುಕ್ತಿದೀಯಾ?"

"ಹಲ್ಲು ಆಂಟಿ. ಅಜ್ಜಿ ಸುಳ್ಳು ಹೇಳ್ತದೆ. ಎಸುದ್ರೆ ಹೊಸದು ಬತ್ತದೆ ಅಂತು. ಆರು ಎಸ್ದಿವ್ನಿ. ಎರಡೇ ಎರಡು ಬಂದವೆ."

"ಕೆಳಗಡೆ ಮುಂದಿನದು ಯಾವಾಗ ಬಿತ್ತು?"

"ಒಂದನೇ ಕ್ಲಾಸಲ್ಲಿ. ಈಗ ಮೂರ್ನೇ ಕ್ಲಾಸು. ನಮ್ಮಮ್ಮಂಗೂ ಬಂದಿಲ್ವಂತೆ ಆಂಟಿ, ಅದಕ್ಕೇ ಲೋಟದಲ್ಲಿ ಇಟ್ಕೊಂಡವ್ಳೆ. ಯಾರ್ಗೂ ಹೇಳ್ಬಾರ್ದು ಅಂದವ್ಳೆ."

ನೀರಿನ ಚೊಂಬು ನನ್ನ ಕೈಯಲ್ಲಿಯೇ ಇತ್ತು. ಮೇಡಂ ತಿರುಗಿ ನನ್ನನ್ನು ನೋಡಿದರು. ಎದ್ದು ಕೋಣೆಗೆ ಹೋಗಿ ಅಕ್ಕನ ಹಾಳೆಯನ್ನು ತಂದು ನನ್ನ ಮುಂದೆ ಹಿಡಿದರು.

"ಇದು ನಿಮ್ಮ ಸಹಿ ತಾನೆ?"

"ಹೌದು ಮೇಡಂ."

"ಗೊತ್ತಿದ್ದೇ ಬರೆದದ್ದಾ?"

"ಹೌದು ಮೇಡಂ."

ಎರಡು ವರ್ಷದ ದುಡಿಮೆ ಹಾಳಾಯಿತೆಂದು ಅವರು ಕೂಗಾಡುತ್ತಾರೆಂದು ಕಾದೆ. ಅವರು ಅಧ್ಯಾಯದ ಮಾತೇ ಎತ್ತಲಿಲ್ಲ. "ನಿಮ್ಮಕ್ಕನಿಗೆ ಈಗ ಎಷ್ಟು ವಯಸ್ಸು?" ಎಂದು ಕೇಳಿದರು. ಮೂವತ್ತೇಳು ಎಂದೆ. "ಆಟೋ ಕರೀರಿ," ಎಂದರು. ಹಸಿ ಕೂದಲನ್ನು ಹಾಗೆಯೇ ಗಂಟು ಕಟ್ಟಿಕೊಂಡು ಮೆಟ್ಟಿಲು ಇಳಿದರು.

ಹಿನಕಲ್‌ನ ಮನೆಯಲ್ಲಿ ಅಕ್ಕನ ಅತ್ತೆಯವರು ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕ ಬಾಗಿಲಿಗೆ ಬಂದವಳು ಮೇಡಂ ಮುಖ ನೋಡಿಯೇ ಗೋಡೆಗೆ ಒರಗಿದಳು. ಮೇಡಂ ಅತ್ತೆಯವರ ಎದುರು ನೆಲದ ಮೇಲೆ ಕುಳಿತು, ಮುಚ್ಚುಮರೆಯಿಲ್ಲದೆ, ಮೆಲ್ಲನೆಯ ದನಿಯಲ್ಲಿ ಹಲ್ಲಿನ ಸೆಟ್ಟಿನ ವಿಷಯದಿಂದ ಆರಂಭಿಸಿ ಎಲ್ಲವನ್ನೂ ಹೇಳಿದರು.

ಅತ್ತೆಯವರು ಸುಲಿಯುವುದನ್ನು ನಿಲ್ಲಿಸಿದರು.

"ಸೆಟ್ಟಾ? ಅಯ್ಯೋ, ಅದು ನಂಗೆ ಮದ್ವೆಯಾದ್ ಮೂರ್ನೇ ತಿಂಗ್ಳಿಗೇ ಗೊತ್ತಾಯ್ತು ಕಣಮ್ಮ. ಬಚ್ಚಲ್ ಗೂಡಲ್ಲಿ ಲೋಟದೊಳಗೆ ಇತ್ತು. ಅವ್ಳು ಮುಚ್ಕೊಂಡ್ಳು, ಪಾಪ, ನಾನೂ ನೋಡ್ದೇ ಇದ್ದೋಳಂಗೇ ಇದ್ದೆ. ಮನೆಗ್ ಬಂದ್ ಹೆಣ್ಣಿನ್ ಹಲ್ಲು ಎಣ್ಸಕ್ಕಾಯ್ತದಾ? ನನ್ ಮಗಂಗೂ ಗೊತ್ತು. ಕೇಳ್ಬೇಡ ಕಣ್ಲಾ, ನೊಂದ್ಕೋತಾಳೆ ಅಂತ ನಾನೇ ಹೇಳಿದ್ದೆ."

ಹತ್ತು ವರ್ಷ ಅಕ್ಕ ಯಾರಿಂದ ಮುಚ್ಚಿಟ್ಟಳೋ ಅವರು ಹತ್ತು ವರ್ಷವೂ ಅವಳ ಮಾನ ಕಾಯಲು ಸುಮ್ಮನಿದ್ದರು. ನಾನು ಸಹಿ ಹಾಕಿ ಕಾಪಾಡಿದ ಗುಟ್ಟು ಯಾರಿಗೂ ಗುಟ್ಟಾಗಿರಲಿಲ್ಲ.

ಅಷ್ಟರಲ್ಲಿ ಅತ್ತೆಯವರೇ ಇನ್ನೊಂದು ಮಾತು ಹೇಳಿದರು: "ಮೂರ್ ತಿಂಗ್ಳಿಂದ ರಕ್ತ ಹೋಯ್ತದೆ ಅಂತಾಳಮ್ಮ. ಮೂಲವ್ಯಾಧಿ ಇರ್ಬೇಕು ಅಂತ ದಿನಾ ಮೂಲಂಗಿ ತಿನ್ನುಸ್ತಾ ಇವ್ನಿ."

ಮೇಡಂ ಕಣ್ಣು ಮುಚ್ಚಿಕೊಂಡರು.

ಪರೀಕ್ಷೆಯ ಫಲಿತಾಂಶವನ್ನು ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಕರುಳಿನಲ್ಲಿದ್ದದ್ದು ಆಗಲೇ ಯಕೃತ್ತಿಗೂ ಹಬ್ಬಿತ್ತು. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಕಿಮೋ ಆರಂಭಿಸಿದರು. ಪ್ರತಿ ಸರದಿಗೂ ಮೇಡಂ ಆಸ್ಪತ್ರೆಗೆ ಬರುತ್ತಿದ್ದರು. ಔಷಧಿಯ ಹನಿ ಇಳಿಯುವಷ್ಟು ಹೊತ್ತೂ ಅಕ್ಕನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ಕಿಮೋ ಕೊಟ್ಟಾಗ ಗಡ್ಡೆ ಎಷ್ಟು ಕುಗ್ಗುತ್ತದೆ, ಎರಡು ಸರದಿಗಳ ನಡುವೆ ಎಷ್ಟು ಮರಳಿ ಬೆಳೆಯುತ್ತದೆ ಎಂಬುದೂ ಅವರ ಗಣಿತದ ವ್ಯಾಪ್ತಿಗೆ ಬರುತ್ತದೆಂದು ಅಕ್ಕನಿಗೆ ಯಾರೋ ಹೇಳಿದ್ದರು.

"ನೀವು ಲೆಕ್ಕದೋರಲ್ವಾ, ಹೇಳ್ಬುಡಿ ಮೇಡಮ್ಮೋರೆ, ಎಷ್ಟ್ ದಿನ?" ಎಂದು ಒಮ್ಮೆ ಕೇಳಿಯೇ ಬಿಟ್ಟಳು.

"ನನ್ನ ಲೆಕ್ಕ ಸಾವಿರಾರು ಜನರನ್ನ ಒಟ್ಟಿಗೆ ಇಟ್ಟರೆ ನಿಜ ಹೇಳುತ್ತೆ. ಒಬ್ಬರನ್ನೇ ಕೇಳಿದರೆ ಸುಳ್ಳು ಹೇಳುತ್ತೆ ಅಕ್ಕ."

"ಹಂಗಾರೆ ಒಂದೊಳ್ಳೆ ಸುಳ್ಳೇ ಹೇಳಿ. ನಮ್ಮ ಮನೇರಿಗೆ ಅದು ಅಭ್ಯಾಸ," ಎಂದು ಅಕ್ಕ ನನ್ನ ಕಡೆ ನೋಡಿ ನಕ್ಕಳು. ಕೂದಲು ಉದುರಿದ ತಲೆ, ಸೆಟ್ ತೆಗೆದಿಟ್ಟ ಬಾಯಿ. ಮೇಡಂ ಕೂಡ ನಕ್ಕರು. ನಗುತ್ತಲೇ ಎದ್ದು ಹೊರಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಅಕ್ಕ ಯುಗಾದಿಯನ್ನು ಕಾಣಲಿಲ್ಲ.

ಅವಳ ತಿಥಿಯಾದ ಮೇಲೆ ಒಂದು ದಿನ ಮೇಡಂ ನನ್ನನ್ನು ಮೇಲೆ ಕರೆದು ಆ ಹಳೆಯ ಹಾಳೆಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಕಚೇರೀಲಿ ತಪ್ಪು ದಾಖಲೆ ಹೇಗೆ ತಿದ್ದುತ್ತೀರೋ ಹಾಗೇ ತಿದ್ದಿ," ಎಂದರು. ನಮ್ಮಲ್ಲಿ ಅಳಿಸುವಂತಿಲ್ಲ, ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಾಗೆಯೇ ಮಾಡಿದೆ. ಅವರು ಗೋಡೆಯ ನಕ್ಷೆಯಲ್ಲಿ ಅಕ್ಕನ ವೃತ್ತಕ್ಕೆ ಕಪ್ಪು ತುಂಬಿದರು. ಪೆನ್ನಿನ ಶಾಯಿ ಮುಗಿಯುತ್ತ ಬಂದಿತ್ತು. ತುಂಬಲು ಹೊತ್ತು ಹಿಡಿಯಿತು. ಆಮೇಲೆ ಅದರ ಮೇಲೆ ಓರೆಗೆರೆ ಎಳೆದರು.

"ನನ್ನನ್ನು ಕ್ಷಮಿಸಬೇಕು ಮೇಡಂ," ಎಂದೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ನಾನು ಹೇಳಿದರೆ ಅದೂ ಒಂದು ಸುಳ್ಳು ದಾಖಲೆ ಆಗುತ್ತೆ," ಎಂದರು. ಪೆನ್ನಿಗೆ ಮುಚ್ಚಳ ಹಾಕುತ್ತ, "ನನ್ನ ಮೇಲೂ ಸಿಟ್ಟಿದೆ. ಬಿಳಿ ಇರಲಿ ಅಂತ ನನಗೂ ಆಸೆ ಇತ್ತು. ಅದಕ್ಕೇ ಎಕ್ಸ್‌ರೇಗೆ ಒತ್ತಾಯ ಮಾಡಲಿಲ್ಲ," ಎಂದರು.

ಆ ಅಧ್ಯಾಯವನ್ನು ಅವರು ಪೂರ್ತಿಯಾಗಿ ತೆಗೆದುಹಾಕಿದರು. ಪ್ರಬಂಧ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ನನ್ನೊಡನೆ ಮರ್ಯಾದೆಯಿಂದಲೇ ಮಾತನಾಡಿದರು, ತಾಯಿಯವರು ಕೊಟ್ಟ ಕಾಫಿ ಕುಡಿದರು, ನನ್ನ ವಾರ್ಷಿಕ ಪರೀಕ್ಷೆಯ ದಿನವನ್ನು ತಪ್ಪದೆ ನೆನಪಿಸಿದರು. ಆದರೆ ಅಕ್ಕನ ಮಗಳ ಹೆಸರಿನಲ್ಲಿ ಹೊಸ ಹಾಳೆ ತುಂಬಬೇಕಾಗಿ ಬಂದಾಗ ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಕುಳಿತು, ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು, ಒತ್ತಕ್ಷರಗಳಿಗೆ ತಡವರಿಸುತ್ತ, ಇಡೀ ಮಧ್ಯಾಹ್ನ ತೆಗೆದುಕೊಂಡು ಬರೆದರು. ನಾನು ಎದುರಿಗೇ ಕುಳಿತಿದ್ದೆ. ಇಲಾಖಾ ವಿಚಾರಣೆಗಳನ್ನು ನೋಡಿದ್ದೇನೆ, ವೇತನ ಬಡ್ತಿ ತಡೆಹಿಡಿದ ಆದೇಶಗಳನ್ನು ನಾನೇ ಬರೆದಿದ್ದೇನೆ. ಅಂಥ ಶಿಕ್ಷೆಯನ್ನು ಬೇರೆಲ್ಲಿಯೂ ಕಂಡಿಲ್ಲ.

ಆಮೇಲೆ ಅವರು ಉತ್ತರದ ಯಾವುದೋ ಊರಿನ ಸಂಸ್ಥೆಗೆ ಹೊರಟುಹೋದರು. ತಾಯಿಯವರು ತೀರಿಕೊಂಡ ವರ್ಷ, ಅವರಿಗೆ ತಿಳಿಸೋಣವೆಂದು ಅವರು ಕೊಟ್ಟಿದ್ದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಪತ್ರ ಬರೆದೆ. 'ವಿಳಾಸದಾರರು ಇಲ್ಲಿಂದ ಬಿಟ್ಟು ಹೋಗಿದ್ದಾರೆ' ಎಂಬ ಷರಾದೊಂದಿಗೆ ಅದು ಹಿಂದಿರುಗಿತು. ದೂರವಾಣಿ ಸಂಖ್ಯೆ ಈಗ ಬೇರೆ ಯಾರದೋ ಆಗಿದೆ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ಇದ್ದಾರೆಯೇ... ನನಗೆ ತಿಳಿಯದು.

ಅಕ್ಕನ ಮಗಳಿಗೆ ಈಗ ಇಪ್ಪತ್ತೊಂದು. ಅವಳ ಅಜ್ಜಿ, ಅಂದರೆ ಅಕ್ಕನ ಅತ್ತೆಯವರು, ಮಂಡಿನೋವನ್ನೂ ಲೆಕ್ಕಿಸದೆ ಅವಳ ಜೊತೆ ಪರೀಕ್ಷೆಗೆ ಹೋಗಿಬರುತ್ತಾರೆ. ಹೋದ ವರ್ಷದ ಪರೀಕ್ಷೆಯಲ್ಲಿ ಅವಳಲ್ಲಿಯೂ ಎರಡು ಮೊಗ್ಗುಗಳು ಸಿಕ್ಕವು, ತೆಗೆದರು. ಈ ಶ್ರಾವಣದಲ್ಲಿ ಅವಳಿಗೊಂದು ಸಂಬಂಧ ಬಂತು. ಹುಡುಗನ ಕಡೆಯವರು ಬಂದು ನೋಡಿ ಒಪ್ಪಿದ ಮೇಲೆ ಅವಳು ನನ್ನನ್ನು ಒಳಗೆ ಕರೆದಳು.

"ಮಾವ, ಎಲ್ಲಾನೂ ಹೇಳ್ಬುಡಿ ಅವ್ರಿಗೆ. ಹಲ್ಲಿಂದೂ, ಅಮ್ಮಂದೂ, ನಂಗೆ ವರ್ಷ ವರ್ಷ ನೋಡ್ಸ್ಬೇಕು ಅನ್ನೋದೂ. ಮಕ್ಕಳಿಗೂ ಬರ್ಬೋದು ಅನ್ನೋದೂ. ನೀವೇ ಹೇಳ್ಬೇಕು."

ನಾನೇ ಏಕೆ ಎಂದು ಕೇಳಲಿಲ್ಲ. ಹೊರಗೆ ಬಂದು ಅವರ ಮುಂದೆ ಕುಳಿತು, ಯಾವುದನ್ನೂ ಬಿಡದೆ ಹೇಳಿದೆ. ಹುಡುಗನ ತಂದೆಯವರು ನೀರು ತರಿಸಿಕೊಟ್ಟರು. ಅವರು ಒಳ್ಳೆಯವರು, ಮಧ್ಯದಲ್ಲಿ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದರು. ಮನೆಯಲ್ಲಿ ಮಾತನಾಡಿ ತಿಳಿಸುತ್ತೇವೆ ಎಂದು ಕೈಮುಗಿದು ಹೋದರು. ಎರಡು ತಿಂಗಳಾಯಿತು, ತಿಳಿಸಿಲ್ಲ. ನಾವೂ ಕೇಳಿಲ್ಲ. ಹುಡುಗಿ ಎಂದಿನಂತೆ ಕಾಲೇಜಿಗೆ ಹೋಗಿಬರುತ್ತಿದ್ದಾಳೆ. ಅವಳು ಒಬ್ಬಳೇ ಇದ್ದಾಗ ಅಳುತ್ತಾಳೋ ಇಲ್ಲವೋ ನನಗೆ ತಿಳಿಯದು. ಅವಳು ಬದುಕಿದ್ದಾಳೆ.

ತಾತನ ತಂಗಿಯ ಮಕ್ಕಳು ಮೊಮ್ಮಕ್ಕಳು ಈ ಸೀಮೆಯಲ್ಲಿ ಎಲ್ಲೆಲ್ಲಿದ್ದಾರೋ ನಮಗೆ ಗೊತ್ತಿಲ್ಲ. ನಕ್ಷೆಯಲ್ಲಿ ಅವರ ಕೆಳಗಿನ ಜಾಗವನ್ನು ಮೇಡಂ ಖಾಲಿ ಬಿಟ್ಟಿದ್ದರು. ತಮ್ಮ ಪೈಕಿ ಯಾರ ಮನೆಯಲ್ಲಾದರೂ ಹಲ್ಲುಗಳು ಹುಟ್ಟದೇ ಇರುವುದು ತಲೆಮಾರಿನಿಂದ ತಲೆಮಾರಿಗೆ ಬಂದಿದ್ದು, ಹಿರಿಯರು ಹೊಟ್ಟೆಬೇನೆಯಿಂದ ಬೇಗನೆ ಹೋಗಿದ್ದರೆ, ದಯಮಾಡಿ ಒಮ್ಮೆ ವೈದ್ಯರ ಮುಂದೆ ಬಾಯಿ ಬಿಡಿ. ಈ ಬರಹವನ್ನು ಮೇಡಂ ಕಣ್ಣಿಗೆ ಬೀಳಿಸುವ ದಾರಿ ನನಗಿಲ್ಲ. ಬಿದ್ದರೂ ಅವರು ಏನನ್ನುತ್ತಾರೆಂದು ಊಹಿಸುವ ಧೈರ್ಯ ನನಗಿಲ್ಲ.

ಕೊನೆಯದಾಗಿ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮೇಲೆ ಬರೆದುದರಲ್ಲಿ ಅಕ್ಷರದ್ದಾಗಲಿ, ಸಂಗತಿಯದ್ದಾಗಲಿ ತಪ್ಪು ಕಂಡುಬಂದಲ್ಲಿ ಕಂಡ ದಿನವೇ ತಿದ್ದಬೇಕು. ಬರೆದವನಿಗೆ ಬೇಸರವಾದೀತೆಂದು ದಯವಿಟ್ಟು ತಡಮಾಡಬಾರದು.